ನಾನು ‘ತಗೊಳ್ಳಿ’ ಅಂದ ಗಾಡಿ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ತಗಡಿನ ಶೆಡ್ಡಿನ ಗ್ಯಾರೇಜು. ಇಬ್ಬರು ಹುಡುಗರಿದ್ದಾರೆ. ಹತ್ತೊಂಬತ್ತು ವರ್ಷದಿಂದ ಡೀಸೆಲ್ ಗಾಡಿಗಳದ್ದೇ ಕೆಲಸ. ರಿಪೇರಿ ಜೊತೆಗೆ ಇನ್ನೊಂದು ಕೆಲಸ ತಾನಾಗಿಯೇ ಅಂಟಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು “ಮೇಸ್ತ್ರಿ, ಒಂಚೂರು ಬಂದು ನೋಡಿ ಹೇಳ್ರಿ” ಅಂತ ಕರೆಯುತ್ತಾರೆ. ಹೋಗಿ ನೋಡಿ ಹೂಂ ಅಂತಲೋ ಉಹೂಂ ಅಂತಲೋ ಹೇಳಿ ಬರುತ್ತೇನೆ. ಸಾವಿರ ರೂಪಾಯಿ ಕೊಡುತ್ತಾರೆ. ತೀರಾ ಗುರುತಿನವರಾದರೆ ಬೆಣ್ಣೆ ದೋಸೆಯಲ್ಲೇ ಲೆಕ್ಕ ಚುಕ್ತಾ.

2024ರ ಆಯುಧಪೂಜೆಗೆ ಮುಂಚೆ ಹೀಗೇ ಒಂದು ಬೊಲೆರೊ ಪಿಕಪ್ ನೋಡಲು ಹೋದೆ. ಕರೆದವರು ಮಂಡಕ್ಕಿ ವ್ಯಾಪಾರಿ. ಭಟ್ಟಿಯಿಂದ ಚೀಲ ಎತ್ತಿ ಆನಗೋಡು, ಭರಮಸಾಗರ, ಚಿತ್ರದುರ್ಗದವರೆಗೆ ಅಂಗಡಿಗಳಿಗೆ ಹಾಕುತ್ತಾರೆ. ಅವರ ಹಳೇ ಟಾಟಾ ಏಸ್ ಹತ್ತು ವರ್ಷ ನನ್ನ ಶೆಡ್ಡಿನಲ್ಲೇ ಸತ್ತು ಹುಟ್ಟಿದ್ದು. ಹಬ್ಬಕ್ಕೆ ಹೊಸ ಗಾಡಿಗೆ ಪೂಜೆ ಮಾಡಬೇಕು ಅಂತ ಮನೆಯಲ್ಲಿ ಹಟ ಇತ್ತು. ಕೈಯಲ್ಲಿ ಉಳಿದಿದ್ದು ಎಂಟು ದಿನ.

ಗಾಡಿ ಕೆಎ-27, ಅಂದರೆ ಹಾವೇರಿ ಕಡೆಯದು, 2019ರ ಮಾಡೆಲ್. ಆ ಮಾಡೆಲ್ಲಿಗೆ ನಮ್ಮ ಕಡೆ ಆರು ಲಕ್ಷದ ಆಸುಪಾಸು ಮಾತು ನಡೀತಿತ್ತು. ಇದನ್ನು ಮಾರಲು ಬಂದವನು 5 ಲಕ್ಷ 20 ಸಾವಿರ ಅಂದಿದ್ದ. ಯಾಕಪ್ಪಾ ಕಮ್ಮಿ ಅಂದರೆ ತಂಗಿ ಮದುವೆ. ಹಳೇ ಗಾಡಿ ಮಾರುವವರಿಗೆ ಇರುವಷ್ಟು ತಂಗಿಯರು ಬೇರೆ ಯಾರಿಗೂ ಇರಲ್ಲ ಅಂತ ನಾವು ಗ್ಯಾರೇಜಿನವರು ತಮಾಷೆ ಮಾಡುತ್ತೇವೆ. ಆವತ್ತು ಆ ತಮಾಷೆ ನೆನಪಾಗಲಿಲ್ಲ.

ಹರಿಹರದ ಕಡೆ ರಸ್ತೆ ಪಕ್ಕದ ಒಂದು ಖಾಲಿ ಸೈಟಿನಲ್ಲಿ ನಿಲ್ಲಿಸಿದ್ದ. ಇಸ್ತ್ರಿ ಅಂಗಿ, ಮೆದು ಮಾತು. “ಗಾಡಿ ಬಗ್ಗೆ ನಾನು ಒಂದ್ ಮಾತೂ ಹೇಳಲ್ರಿ. ನಿಮ್ಮ ಮೇಸ್ತ್ರಿನೇ ಬಿಚ್ಚಿ ನೋಡ್ಲಿ. ಅವರು ಹೂಂ ಅಂದ್ರೆ ರೇಟ್ ಮಾತಾಡಾಣ. ಬೆಳಿಗ್ಗೆಯಿಂದ ಸೆಲ್ಫೂ ಹೊಡ್ದಿಲ್ಲ, ತಣ್ಣಗೈತೆ ನೋಡ್ರಿ.”

ಇಷ್ಟೇ ಸಾಕಾಯಿತು, ನಾನು ಉಬ್ಬಿಹೋದೆ. ಸಾಮಾನ್ಯವಾಗಿ ಮಾರುವವರು ನಾವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾರೆ. ತಣ್ಣಗಿದ್ದಾಗ ಸ್ಟಾರ್ಟಿಂಗ್ ತೊಂದರೆ, ಹೊಗೆ, ಶಬ್ದ ಎಲ್ಲ ಬಯಲಾಗುತ್ತಲ್ಲ, ಅದಕ್ಕೆ. ಇವನು ತಣ್ಣಗಿನ ಎಂಜಿನ್ ತಾನೇ ಮುಂದೆ ಇಟ್ಟ. ಬಾನೆಟ್ ಮುಟ್ಟಿ ನೋಡಿದೆ, ನಿಜ, ತಣ್ಣಗಿತ್ತು. ಮುಂದಿನ ಒಂದೂವರೆ ಗಂಟೆ ನಾನು ಆ ಗಾಡಿಯನ್ನು ನೋಡಿದ ರೀತಿ ನೋಡಿದ್ದರೆ ನನ್ನ ಗುರುಗಳೇ ಬೆನ್ನು ತಟ್ಟುತ್ತಿದ್ದರು.

ಡಿಪ್‌ಸ್ಟಿಕ್ ಎಳೆದು ಪೇಪರ್ ಮೇಲೆ ಒರೆಸಿದೆ. ಆಯಿಲ್ ಕಪ್ಪಗಿತ್ತು, ಆದರೆ ಹಾಲಿನ ಬಣ್ಣ ಇರಲಿಲ್ಲ, ಅಂದರೆ ನೀರು ಸೇರಿಲ್ಲ. ಒಂದೇ ಸೆಲ್ಫಿಗೆ ಎದ್ದಿತು. ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ಬಿಚ್ಚಿ ಬೋರಲು ಹಾಕಿ ಅದರ ಬಾಯಿ ಮೇಲೇ ಇಟ್ಟೆ. ಪಿಸ್ಟನ್ ರಿಂಗ್ ಸವೆದಿದ್ದರೆ ಕ್ಯಾಪ್ ಕುಣಿದು ಕೆಳಗೆ ಬೀಳುತ್ತೆ. ಇದು ಸುಮ್ಮನೆ ನಡುಗುತ್ತಾ ಕೂತಿತ್ತು. ಮೀಟರಿನಲ್ಲಿ 84 ಸಾವಿರ ಇತ್ತು. ಮೀಟರನ್ನು ನಾನು ಯಾವತ್ತೂ ನಂಬಲ್ಲ, ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಹಿಂದಕ್ಕೆ ತರುವವರಿದ್ದಾರೆ. ಅದಕ್ಕೇ ಕ್ಲಚ್ ಪೆಡಲಿನ ರಬ್ಬರ್, ಗೇರ್ ರಾಡಿನ ಗುಬಟು, ಡ್ರೈವರ್ ಸೀಟಿನ ಬಲ ಅಂಚು ನೋಡಿದೆ. ಸವೆತ ಆ ಲೆಕ್ಕಕ್ಕೆ ಹೊಂದುವಂತೆಯೇ ಇತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಕೊನೆ ಎರಡು ವರ್ಷ. ನಾಲ್ಕರಲ್ಲಿ ಎರಡು ಟೈರು ಗಾಡಿ ಜೊತೆ ಬಂದವೇ. ಪುಟ್ಟಿ ಹಚ್ಚಿದ್ದಾರೇನೋ ಅಂತ ಬಾಡಿಗೆ ಆಯಸ್ಕಾಂತ ಹಿಡಿದೆ. ಕೆಳಗೆ ನುಗ್ಗಿ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಎಣಿಸಿದೆ, ಯಾವುದೂ ಹೊಸದಾಗಿ ಸೇರಿಸಿದ್ದಲ್ಲ, ಅಂದರೆ ಓವರ್‌ಲೋಡ್ ಎಳೆದಿಲ್ಲ. ಗಿರಾಕಿ ತುಂಬುವುದು ಮಂಡಕ್ಕಿ, ಇಡೀ ಗಾಡಿ ತುಂಬಿದರೂ ಗಾಳಿಯದೇ ತೂಕ, ಆದರೂ ಪಾಟಾ ಎಣಿಸಿದೆ ನೋಡಿ! ಚಾಸಿ ನಂಬರಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ತಿಕ್ಕಿ ಪ್ರಿಂಟ್ ತೆಗೆದು, ಹದಿನೇಳು ಅಕ್ಷರವನ್ನೂ ಆರ್‌ಸಿ ಜೊತೆ ಒಂದೊಂದಾಗಿ ಹೊಂದಿಸಿದೆ.

ಸ್ಟೀರಿಂಗ್ ಕೆಳಗೆ ಕೈ ಹಾಕಿದಾಗ ಮೂರು ವೈರಿನ ತುದಿ ಸಿಕ್ಕಿತು. ಕೆಂಪು, ಕಪ್ಪು, ಹಳದಿ. ಕತ್ತರಿಸಿ ಹಾಗೇ ಬಿಟ್ಟಿದ್ದರು. ಹಳೇ ಟೇಪ್ ರೆಕಾರ್ಡರಿನದ್ದಿರಬೇಕು ಅಂದುಕೊಂಡೆ. ಶಾರ್ಟ್ ಆದೀತು ಅಂತ ಜೇಬಿನಿಂದ ಕರಿ ಟೇಪ್ ತೆಗೆದು ಒಂದೊಂದಕ್ಕೂ ಬೇರೆ ಬೇರೆ ಸುತ್ತಿದೆ. ಅವನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. “ನೀಟ್ ಕೆಲಸ ರೀ ನಿಮ್ದು” ಅಂದ.

“ಎರಡನೇ ಕೀ?” ಅಂತ ಕೇಳಿದ್ದೆ ಕೂಡ.

“ಹೆಂಡ್ತಿ ತವರಿನಾಗೆ ಐತ್ರಿ, ಬೀರುವಿನಾಗೆ. ಮುಂದಿನ ವಾರ ಕೊರಿಯರ್ ಹಾಕ್ತೀನಿ.”

ಗಿರಾಕಿ ಕಾಗದದ ಫೈಲನ್ನು ನನ್ನ ಕಡೆ ಚಾಚಿದರು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿತ್ತು. ಅವನು ಅದನ್ನು ಮುಚ್ಚಿಡಲೇ ಇಲ್ಲ, ತಾನೇ ಬೆರಳಿಟ್ಟು ತೋರಿಸಿದ. “ಲೋನ್ ಮುಗಿದೈತೆ. ಇಲ್ಲಿ ಎನ್‌ಒಸಿ, ಇಲ್ಲಿ ಫಾರಂ 35, ಸೀಲು ಸಹಿ ಎಲ್ಲ ಐತೆ. ಆರ್‌ಟಿಒದಾಗೆ ಹೆಸರು ತೆಗ್ಸೋದೊಂದೇ ಬಾಕಿ.” ಎನ್‌ಒಸಿ ಅಂದರೆ ಸಾಲ ತೀರಿದೆ ಅಂತ ಫೈನಾನ್ಸ್‌ನವರು ಕೊಡುವ ಪತ್ರ, ಫಾರಂ 35 ಅವರ ಹೆಸರು ತೆಗೆಸುವ ಅರ್ಜಿ. ಮಾಲೀಕನ ಹೆಸರು ಬೇರೆಯದಿತ್ತು. “ನಮ್ ಭಾವ” ಅಂದ. ವರ್ಗಾವಣೆಯ ಫಾರಂ 29, 30 ಎರಡಕ್ಕೂ ಭಾವನ ಸಹಿ ಇತ್ತು. ಉಳಿದ ಜಾಗವೆಲ್ಲ ಖಾಲಿ. ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಇದು ದಿನಾ ಕಾಣುವ ದೃಶ್ಯ, ನನಗೇನೂ ಅನ್ನಿಸಲಿಲ್ಲ. “ಪೇಪರ್ ನಂಗೆ ಅಷ್ಟು ಗೊತ್ತಾಗಲ್ಲ, ಅದನ್ನ ಏಜೆಂಟ್‌ಗೆ ತೋರ್ಸಿ” ಅಂತ ಫೈಲ್ ವಾಪಸ್ ಕೊಟ್ಟೆ. ಕೊಟ್ಟು, ಕೈ ಒರೆಸಿಕೊಳ್ಳುತ್ತಾ ಹೇಳಿದೆ: “ಗಾಡಿ ಬೆಂಕಿ ಐತೆ. ಕಣ್ಮುಚ್ಚಿ ತಗೊಳ್ಳಿ.”

ನನಗೆ ನೋಡಲು ಹೇಳಿದ್ದು ಎಂಜಿನ್. ಎಂಜಿನ್ ಚೆನ್ನಾಗಿದೆ ಅಂತ ಹೇಳಿ ನಿಲ್ಲಿಸಬಹುದಿತ್ತು. ‘ತಗೊಳ್ಳಿ’ ಅನ್ನುವಾಗ ನಾನು ಕಾಗದಕ್ಕೂ, ಆ ಮನುಷ್ಯನಿಗೂ, ಇಲ್ಲದ ಭಾವನಿಗೂ ಸೇರಿಸಿ ಜಾಮೀನು ನಿಂತಂತಾಯಿತು. ಗಿರಾಕಿ ಆಮೇಲೆ ಏಜೆಂಟ್ ಹತ್ತಿರ ಹೋಗಲಿಲ್ಲ. ಮೇಸ್ತ್ರಿ ತಗೊಳ್ಳಿ ಅಂದರಲ್ಲ, ಹಬ್ಬ ಮುಗಿದ ಮೇಲೆ ವರ್ಗಾವಣೆ ಮಾಡಿಸಿದರಾಯಿತು ಅಂತ 5 ಲಕ್ಷ 5 ಸಾವಿರವನ್ನು ಪೂರ್ತಿ ನಗದಾಗಿ ಎಣಿಸಿ ಕೊಟ್ಟರು. ಮದುವೆ ಖರ್ಚು, ಕ್ಯಾಶೇ ಬೇಕು ಅಂದಿದ್ದನಂತೆ. ದುಗ್ಗಮ್ಮನ ಗುಡಿ ಮುಂದೆ ಪೂಜೆ ಆಯಿತು. ನನಗೂ ಒಂದು ಬಾಕ್ಸ್ ಸ್ವೀಟು ಬಂತು.

ದೀಪಾವಳಿ ಕಳೆದು ಎರಡು ವಾರ ಆಗಿರಬೇಕು, ಬೆಳಿಗ್ಗೆ ಹತ್ತೂವರೆಗೆ ಫೋನ್. “ಮೇಸ್ತ್ರಿ, ಗಾಡಿ ಹೋತು.” ಆಕ್ಸಿಡೆಂಟ್ ಅಂದುಕೊಂಡು ನನ್ನ ಬೈಕ್ ಹತ್ತಿದೆ. ಭರಮಸಾಗರ ಇನ್ನೂ ಮುಂದಿರುವಾಗಲೇ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಮಂಡಕ್ಕಿ ಚೀಲಗಳು ಸಾಲಾಗಿ ಬಿದ್ದಿದ್ದವು. ಲಾರಿ ಹೋದಾಗಲೆಲ್ಲ ಹಗುರದ ಚೀಲ ಉರುಳುತ್ತಿತ್ತು. ಅವರು ಎದ್ದು ಹೋಗಿ ಒಂದೊಂದನ್ನೇ ಎಳೆದು ತರುತ್ತಿದ್ದರು.

ಆಗಿದ್ದಿಷ್ಟು. ಚಹಾಕ್ಕೆ ನಿಲ್ಲಿಸಿದ್ದಾಗ ಕಂತು ಕಟ್ಟದ ಗಾಡಿ ಎತ್ತಿಕೊಂಡು ಹೋಗುವ ಫೈನಾನ್ಸ್ ಕಡೆಯ ಸೀಜಿಂಗ್ ಹುಡುಗರು ನಾಲ್ಕು ಜನ ಬಂದರು. ನಂಬರ್ ಪ್ಲೇಟನ್ನು ಮೊಬೈಲಿನಲ್ಲಿ ಹಾಕಿ ನೋಡಿದರು. ಹನ್ನೊಂದು ಕಂತು ಬಾಕಿ ಅಂದರು. ಇವರು ತಮ್ಮ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೊಡಲ್ಲ ಅಂದರಂತೆ. ಅವರಲ್ಲೊಬ್ಬ ಜಗಳವನ್ನೇ ಆಡಲಿಲ್ಲ. ಜೇಬಿನಿಂದ ಇನ್ನೊಂದು ಕೀ ತೆಗೆದ, ಹತ್ತಿದ, ಸ್ಟಾರ್ಟ್ ಮಾಡಿದ. ಲೋನ್ ಕೊಡುವಾಗಲೇ ಎರಡನೇ ಕೀ ಫೈನಾನ್ಸ್‌ನವರು ಇಟ್ಟುಕೊಂಡಿದ್ದರು. ಹೊರಡುವ ಮೊದಲು ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ, “ಜಿಪಿಎಸ್ ಕಿತ್ತು ಎಷ್ಟು ಚೆನ್ನಾಗಿ ಟೇಪ್ ಸುತ್ತೀರಲ್ಲ ಯಜಮಾನ್ರೆ” ಅಂತ ಕೇಳಿದನಂತೆ.

ಟೇಪ್ ರೆಕಾರ್ಡರಿನ ವೈರಾಗಿದ್ದರೆ ಜೊತೆಗೆ ಸ್ಪೀಕರ್ ವೈರ್ ಇರಬೇಕಿತ್ತು. ಇದ್ದದ್ದು, ಗಾಡಿ ಎಲ್ಲಿದೆ ಅಂತ ನೋಡಲು ಫೈನಾನ್ಸ್‌ನವರು ಹಾಕಿಸಿದ್ದ ಜಿಪಿಎಸ್‌ಗೆ ಬೇಕಾದ ಬ್ಯಾಟರಿ, ಅರ್ತ್, ಇಗ್ನಿಷನ್ ಮೂರೇ. ನನ್ನ ಹುಡುಗರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡುವ ವಿಷಯ. ಪೇಪರ್ ನನಗೆ ಗೊತ್ತಾಗಲ್ಲ ಅಂತ ಈಗಲೂ ಹೇಳಬಹುದು, ವೈರ್ ಗೊತ್ತಾಗಲ್ಲ ಅನ್ನಲು ಬಾಯಿ ಬರಲ್ಲ.

ಮರುದಿನ ಇಬ್ಬರೂ ಹಾವೇರಿಗೆ ಹೋದೆವು. ಬ್ರಾಂಚಿನವನು ಎನ್‌ಒಸಿಯನ್ನು ಬೆಳಕಿಗೆ ಹಿಡಿದು ನೋಡಿದ. ಕಲರ್ ಪ್ರಿಂಟ್. ಸೀಲೂ ಪ್ರಿಂಟೇ. ಅದರಲ್ಲಿದ್ದ ಲೋನ್ ನಂಬರ್ ಯಾವುದೋ ಬೈಕಿನದು. ಪತ್ರದ ಕೆಳಗಿದ್ದ ಫೋನ್ ನಂಬರ್ ಬ್ರಾಂಚಿನದ್ದೇ ಅಲ್ಲ, ಯಾರಾದರೂ ವಿಚಾರಿಸಲು ಫೋನ್ ಮಾಡಿದರೆ ಅವನಿಗೇ ಹೋಗಲಿ ಅಂತ ಹಾಕಿದ್ದು. ‘ಭಾವ’ನನ್ನು ಹುಡುಕಿದೆವು. ಭಾವನೂ ಅಲ್ಲ, ಗುರುತಿನವನೂ ಅಲ್ಲ. ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದ ಡ್ರೈವರ್. “ಉಳಿದ ಕಂತು ನಾನು ಕಟ್ಕೊಂಡು ಹೋಗ್ತೀನಿ, ನೀನು ಸಹಿ ಹಾಕಿಕೊಡು” ಅಂತ ನಮಗೆ ಮಾರಿದವನು ಇವನ ಕೈಗೆ 80 ಸಾವಿರ ಕೊಟ್ಟು ಗಾಡಿ ತಂದಿದ್ದ. ಒಂದು ಕಂತನ್ನೂ ಕಟ್ಟಿರಲಿಲ್ಲ. ಆ ಡ್ರೈವರ್ ನಮ್ಮನ್ನು ನೋಡಿದ ಕೂಡಲೇ ಸೀಜರ್‌ಗಳು ಅಂದುಕೊಂಡು ಹಿತ್ತಲಿಗೆ ಓಡಿದ್ದ.

ಇಂಥ ಒಪ್ಪಂದ ನಮ್ಮ ಕಡೆ ಬಹಳ ನಡೆಯುತ್ತೆ, ಅದಕ್ಕೇ ಗಿರಾಕಿಯ ವಕೀಲರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಗಾಡಿ ಕೊಟ್ಟು ಕೈ ತೊಳೆದುಕೊಂಡೆ ಅಂದುಕೊಳ್ಳುವವನ ಹೆಸರು ಆರ್‌ಸಿಯಲ್ಲಿ ಇರುವವರೆಗೂ ಕಾನೂನಿನ ಕಣ್ಣಿಗೆ ಅವನೇ ಮಾಲೀಕ. ಅಪಘಾತದ ಪರಿಹಾರವೂ ಅವನ ತಲೆಗೇ ಬರಬಹುದು, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವನು ಆರ್‌ಟಿಒಗೆ ತಿಳಿಸಬೇಕು. ಹಳೇ ಗಾಡಿ ವ್ಯಾಪಾರ ಮಾಡುವವನಿಗೆ ಆರ್‌ಟಿಒದ ಅಧಿಕಾರ ಪತ್ರ ಇರಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನಾನು ಯಾರ ಹತ್ತಿರವೂ ಅದನ್ನು ಕೇಳಿರಲಿಲ್ಲ. ನಗದಿನ ವಿಷಯ ಬಂದಾಗ ವಕೀಲರು ತಲೆ ಚಚ್ಚಿಕೊಂಡರು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದೇ ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ ಅಂದರು. ಅದಕ್ಕಿಂತ ದೊಡ್ಡ ತೊಂದರೆ, ದುಡ್ಡು ಕೊಟ್ಟಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ.

ವಂಚನೆ ದೂರು ಕೊಡಲು ಸ್ಟೇಷನ್‌ಗೆ ಹೋದೆವು. ನಾವೆಲ್ಲ ಇನ್ನೂ 420 ಅನ್ನುತ್ತೇವೆ, 2024ರ ಜುಲೈಯಿಂದ ಅದು ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 318 ಆಗಿದೆ. ಅಧಿಕಾರಿ ಕೇಳಿದರು: ಅವನ ಹೆಸರೇನು, ಊರ್ಯಾವುದು, ಬ್ಯಾಂಕ್ ಖಾತೆ ಏನಾದರೂ ಗೊತ್ತಾ? ಗಿರಾಕಿಗೆ ಗೊತ್ತಿದ್ದದ್ದು ಒಂದು ಹೆಸರು, ಸ್ವಿಚ್ ಆಫ್ ಆದ ಒಂದು ನಂಬರ್.

ಅವನ ಖಾತೆಯ ಗುರುತು ಇದ್ದದ್ದು ನನ್ನ ಹತ್ತಿರ. ವ್ಯಾಪಾರ ಮುಗಿದ ಸಂಜೆ ಅವನು ನನಗೆ 2,000 ರೂಪಾಯಿ ಫೋನ್‌ಪೇ ಮಾಡಿದ್ದ. ಚಹಾ ಕಾಸು ಅಂತ. ಇದು ನಮ್ಮ ಲೈನಿನಲ್ಲಿ ಹೊಸದಲ್ಲ. ಕೊಳ್ಳುವವರು ಸಾವಿರ ಕೊಡುತ್ತಾರೆ, ಮಾರುವವರು ಎರಡು ಕೊಡುತ್ತಾರೆ. ಗಾಡಿ ನೋಡುವಾಗಲೇ “ನಿಮ್ದೂ ನೋಡ್ಕೊಂತೀನಿ” ಅಂತ ಕಿವಿಯಲ್ಲಿ ಹೇಳಿದ್ದ. ಅದಕ್ಕೇ ‘ತಗೊಳ್ಳಿ’ ಅಂದೆನಾ? ಅಲ್ಲ ಅಂತ ಎಷ್ಟೋ ರಾತ್ರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಾಡಿ ನಿಜಕ್ಕೂ ಚೆನ್ನಾಗಿತ್ತು. ಆದರೆ ಆ ಮಾತು ಕಿವಿಗೆ ಬೀಳದೆ ಇದ್ದಿದ್ದರೆ ಕೀ ವಿಷಯದಲ್ಲಿ ಇನ್ನೆರಡು ಸಲ ಕೇಳುತ್ತಿದ್ದೆ ಅಂತಲೂ ಅನ್ನಿಸುತ್ತೆ.

ಮೊಬೈಲ್ ತೆಗೆದು ಟೇಬಲ್ ಮೇಲೆ ಇಟ್ಟೆ. ಫೋನ್‌ಪೇಯಲ್ಲಿ ಬಂದಿದ್ದ ಹೆಸರು ಅವನು ಹೇಳಿದ ಹೆಸರಾಗಿರಲಿಲ್ಲ. ಅಧಿಕಾರಿ ಅದನ್ನು ಬರೆದುಕೊಂಡು, “ಇದು ಯಾತಕ್ಕೆ ಬಂದ ದುಡ್ಡು?” ಅಂದರು. ಗಿರಾಕಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಹೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ, ಎದುರಿಗಿದ್ದ ಕ್ಯಾಲೆಂಡರನ್ನೇ ನೋಡುತ್ತಿದ್ದರು.

ಅವನು ಇವತ್ತಿನವರೆಗೂ ಸಿಕ್ಕಿಲ್ಲ. ಗಿರಾಕಿ ಬಾಕಿ ಕಂತು, ಬಡ್ಡಿ, ಯಾರ್ಡಿನ ಬಾಡಿಗೆ ಎಲ್ಲ ಸೇರಿ 1 ಲಕ್ಷ 90 ಸಾವಿರವನ್ನು ಲೋನ್ ಖಾತೆಗೇ ನೇರವಾಗಿ ಕಟ್ಟಿ ಗಾಡಿ ಬಿಡಿಸಿಕೊಂಡರು. ಆ ಡ್ರೈವರ್ ಆರ್‌ಟಿಒಗೆ ಬಂದು ನಿಂತು ಸಹಿ ಹಾಕಿದ, ಅಷ್ಟು ಒಳ್ಳೆಯತನ ಅವನಲ್ಲಿತ್ತು. ನಾನು ನನ್ನ ಸಾವಿರ, ಮಾರಿದವನು ಕೊಟ್ಟ ಎರಡು ಸಾವಿರ, ಮೇಲೆ ಇಪ್ಪತ್ತು ಸಾವಿರ ಸೇರಿಸಿ ಕೊಡಲು ಹೋದೆ. ಮೂರು ಎಣಿಸಿ ತಗೊಂಡು ಉಳಿದದ್ದನ್ನು ವಾಪಸ್ ಕೊಟ್ಟರು.

ಈಗ ಯಾರಾದರೂ ಕರೆದರೆ ಬಾನೆಟ್ ತೆಗೆಯುವ ಮೊದಲು ಎರಡು ಕೀ ಕೇಳುತ್ತೇನೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಫೈನಾನ್ಸ್ ಹೆಸರಿದೆಯಾ ನೋಡುತ್ತೇನೆ. ಇದ್ದರೆ, ಎನ್‌ಒಸಿ ಎಷ್ಟೇ ಚೆನ್ನಾಗಿದ್ದರೂ, ಅದರಲ್ಲಿರುವ ನಂಬರಿಗೆ ಫೋನ್ ಮಾಡದೆ ಬ್ರಾಂಚಿಗೇ ಹೋಗಿ ಲೋನ್ ಸ್ಟೇಟ್‌ಮೆಂಟ್ ತೆಗೆಸಿಕೊಂಡು ಬರಲು ಹೇಳುತ್ತೇನೆ. ಆರ್‌ಸಿಯಲ್ಲಿರುವ ಮನುಷ್ಯ ಎದುರು ಬರದಿದ್ದರೆ ಗಾಡಿಯ ಕೆಳಗೆ ನುಗ್ಗುವುದೇ ಇಲ್ಲ. ಮಾರುವವರ ದುಡ್ಡು ಮುಟ್ಟಲ್ಲ. ಇದೆಲ್ಲ ಬ್ರೋಕರ್‌ಗಳ ಕಿವಿಗೆ ಬಿದ್ದಿದೆ. ಮೊದಲು ತಿಂಗಳಿಗೆ ಏಳೆಂಟು ಗಾಡಿ ನೋಡುತ್ತಿದ್ದವನು ಈಗ ಎರಡು ನೋಡಿದರೆ ಹೆಚ್ಚು.

ಜನವರಿಯಲ್ಲಿ ಮಂಡಕ್ಕಿಯವರು ಅದೇ ಪಿಕಪ್ಪಿನ ಆಯಿಲ್ ಬದಲಾಯಿಸಲು ಬಂದರು. ಬೇರೆ ಗ್ಯಾರೇಜಿಗೆ ಹೋಗುತ್ತಾರೆ ಅಂದುಕೊಂಡಿದ್ದೆ. ಫಿಲ್ಟರ್, ಆಯಿಲ್, ಗ್ರೀಸು, 3,400 ಆಯಿತು. ದುಡ್ಡು ಕೊಟ್ಟ ಮೇಲೂ ನಿಂತೇ ಇದ್ದರು. ಏನು ಅಂದೆ. “ಬಿಲ್ ಬರ್ದುಕೊಡ್ರಿ” ಅಂದರು. ಹತ್ತು ವರ್ಷದಲ್ಲಿ ಒಂದು ದಿನವೂ ಕೇಳಿದವರಲ್ಲ. ಬಿಲ್ ಬುಕ್ ಎಲ್ಲಿದೆ ಅಂತ ಹುಡುಗರನ್ನು ಕೇಳಿ, ಹುಡುಕಿ ತೆಗೆದು, ಒಂದೊಂದು ಸಾಲಾಗಿ ಬರೆದುಕೊಟ್ಟೆ. ಅವರು ಅಲ್ಲೇ ನಿಂತು ಕೂಡಿಸಿ ನೋಡಿ, ಮಡಚಿ ಜೇಬಿಗೆ ಹಾಕಿಕೊಂಡರು.