ಪೆಪ್ಪರಮಿಂಟ್ ಡಬ್ಬಿಯಲ್ಲಿ ಪೆನ್ಸಿಲ್

ಪುಟ್ಟ ಮಗುವಿನ ಮುಂದೆ ಪೆಪ್ಪರಮಿಂಟ್ ಡಬ್ಬಿ ತೆಗೆದರೆ ಒಳಗೆ ಪೆನ್ಸಿಲ್! ಮತ್ತೆ ಮುಚ್ಚಿ, ‘ಇದನ್ನ ನೋಡೇ ಇರದ ನಿನ್ನ ಗೆಳೆಯ ಒಳಗೇನಿದೆ ಅಂದ್ಕೋತಾನೆ?’ ಎಂದು ಕೇಳಿ. ಮೂರು ವರ್ಷದ ಮಕ್ಕಳು ಹೆಚ್ಚಾಗಿ ‘ಪೆನ್ಸಿಲ್’ ಅಂತಾರೆ. ತನಗೆ ಗೊತ್ತಿರೋದನ್ನ ಒಂದು ಕ್ಷಣ ತಡೆದಿಡಬೇಕಲ್ಲ, ಪಾಪ, ಆ ವಯಸ್ಸಿಗೆ ಅದೇ ಕಷ್ಟ. ಐದರ ಹೊತ್ತಿಗೆ ಬಹುತೇಕರಿಗೆ ‘ಪೆಪ್ಪರಮಿಂಟ್’ ಅನ್ನೋಕೆ ಬರುತ್ತೆ.

ಹಾಗಂತ ತಡೆಯೋ ಶಕ್ತಿಯೊಂದೇ ಸಾಲದು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂರ್ಯನ ಚಿತ್ರಕ್ಕೆ ‘ರಾತ್ರಿ’ ಅನ್ನಬೇಕಾದಂಥ ಆಟಗಳಲ್ಲಿ ಬೀಜಿಂಗ್ ಮಕ್ಕಳು ಅಮೆರಿಕದವರಿಗಿಂತ ಮುಂದಿದ್ದರು. ಇನ್ನೊಬ್ಬರ ತಪ್ಪು ನಂಬಿಕೆ ಊಹಿಸೋದರಲ್ಲಿ ಮಾತ್ರ ಸರಿಸಮ. ಕಲಿಯೋ ಕ್ರಮವೂ ಬೇರೆ: ಅಮೆರಿಕದ ಮಕ್ಕಳಿಗೆ ‘ಅವನ ಅಭಿಪ್ರಾಯ ಬೇರೆ’ ಅನ್ನೋದು ಮೊದಲು ಹೊಳೆದರೆ, ಬೀಜಿಂಗ್‌ನವರಿಗೆ ‘ಅವನಿಗೆ ಗೊತ್ತಿಲ್ಲ’ ಅನ್ನೋದು. ಮನೆಯ ಮಾತುಕತೆಯ ಪ್ರಭಾವ ಇರಬಹುದು.

ಅಂದಹಾಗೆ, ‘ಗೆಳೆಯ ಒಳಗೆ ನೋಡಿದಾನಾ?’ ಅಂತಲೂ ಕೇಳಿ. ಅದಕ್ಕೆ ‘ಹೂಂ’ ಅಂದರೆ ಮೊದಲಿನ ಉತ್ತರ ಲೆಕ್ಕಕ್ಕಿಲ್ಲ.