1099ರ ಆಚೆಗಿನ ಪೋರ್ಟ್

2009ರ ಮಾತು. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಸಾಲದ ಬಡ್ಡಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಲೆಕ್ಕವೆಲ್ಲ ಒಂದು ಸರ್ವರ್‌ನಲ್ಲಿ. ಶಾಖೆಗಳ ಅಪ್ಲಿಕೇಶನ್ ದೂರದಿಂದ ಅದನ್ನು ಕರೆಯಬೇಕು. ನಾವು ಬಳಸುತ್ತಿದ್ದ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ 2.5ರಲ್ಲಿ ಇದಕ್ಕೆ ಕೋಡ್ ಬರೆಯುವುದೇ ಬೇಕಿರಲಿಲ್ಲ. ಒಂದು ಮಷೀನಿನ ಜಾವಾ ಮೆಥಡನ್ನು ಇನ್ನೊಂದರಿಂದ ಕರೆಯುವ ಆರ್‌ಎಂಐ ಅನ್ನುವ ವ್ಯವಸ್ಥೆ ಇತ್ತು; ಬೀನ್ ಅಂದರೆ ಸ್ಪ್ರಿಂಗ್ ತಾನೇ ಕಟ್ಟಿಕೊಡುವ ಆಬ್ಜೆಕ್ಟ್. ಸರ್ವರ್ ಕಡೆ ಆರ್‌ಎಂಐ ಸರ್ವಿಸ್ ಎಕ್ಸ್‌ಪೋರ್ಟರ್ ಅಂತ ಒಂದು ಬೀನ್, ಕ್ಲೈಂಟ್ ಕಡೆ ಪ್ರಾಕ್ಸಿ ಫ್ಯಾಕ್ಟರಿ ಬೀನ್ ಇನ್ನೊಂದು, ಎರಡೂ ಕಡೆ ಒಂದೇ ಜಾವಾ ಇಂಟರ್‌ಫೇಸ್. ಪಕ್ಕದ ಕ್ಲಾಸಿನ ಮೆಥಡ್ ಕರೆದ ಹಾಗೇ ಕಾಣುತ್ತಿತ್ತು. ಎಲ್ಲೆಂದರಲ್ಲಿ ರಿಮೋಟ್ ಎಕ್ಸೆಪ್ಶನ್ ಹಿಡಿಯುವ ಕಾಟವೂ ಇಲ್ಲ. ಅದನ್ನು ಮೊದಲ ಸಲ ನಡೆಸಿ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಗ್ರಾಹಕರ ಕಡೆ ಇನ್‌ಸ್ಟಾಲ್ ಮಾಡಿದ ದಿನ ಕ್ಲೈಂಟ್ ತಕರಾರಿಲ್ಲದೆ ಎದ್ದಿತು, ಹೆಸರು ಕೊಟ್ಟರೆ ಸರ್ವಿಸ್ ಹುಡುಕಿಕೊಡುವ ರಿಜಿಸ್ಟ್ರಿಯಲ್ಲಿ ಸರ್ವಿಸ್ ಸಿಕ್ಕಿತು. ಬಡ್ಡಿ ಕೇಳಿದ ಕೂಡಲೇ ಮಾತ್ರ ಪರದೆ ಹಾಗೇ ನಿಂತುಬಿಡುತ್ತಿತ್ತು. ಸುಮಾರು ಮೂರು ನಿಮಿಷ ಕಾದ ಮೇಲೆ ‘ಕನೆಕ್ಷನ್ ಟೈಮ್ಡ್ ಔಟ್’. ನಮ್ಮ ಆಫೀಸಿನಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ.

ನೆಟ್‌ವರ್ಕ್‌ನಲ್ಲಿ ಯಾವ ಪೋರ್ಟ್‌ಗೆ, ಅಂದರೆ ಯಾವ ನಂಬರಿನ ಬಾಗಿಲಿಗೆ, ಹೋಗಲು ಬಿಡಬೇಕು ಅಂತ ತೀರ್ಮಾನಿಸುವುದು ಫೈರ್‌ವಾಲ್. ಗ್ರಾಹಕರ ಕಡೆ ಅದನ್ನು ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. “ಸರ್, ನೀವು ಕೇಳಿದ್ದು ಪೋರ್ಟ್ 1099. ಅದನ್ನ ಬಿಟ್ಟಿದ್ದೀವಿ, ಲಾಗ್‌ನಲ್ಲೂ ಹೋಗ್ತಿರೋದು ಕಾಣ್ತಿದೆ” ಅಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಮಧ್ಯಾಹ್ನ ಊಟ ಬಿಟ್ಟು ಕ್ಲೈಂಟ್ ಮಷೀನಿನಲ್ಲಿ, ಯಾವ ಸಂಪರ್ಕ ಎಲ್ಲಿಗೆ ಹೋಗುತ್ತಿದೆ ಅಂತ ತೋರಿಸುವ ನೆಟ್‌ಸ್ಟಾಟ್ ಹಾಕಿ ಕೂತೆ. ಒಂದು ಸಾಲಿನಲ್ಲಿ ನಮ್ಮ ಸರ್ವರ್‌ನ ಐಪಿ, ಅದರ ಮುಂದೆ 43817, ಕೊನೆಯಲ್ಲಿ ‘ಸಿನ್ ಸೆಂಟ್’. ಬಾಗಿಲು ತಟ್ಟಿದೆ, ಒಳಗಿನಿಂದ ಉತ್ತರವಿಲ್ಲ ಅಂತ ಅರ್ಥ. ಈ 43817 ಎಲ್ಲಿಂದ ಬಂತು? ಸರ್ವರ್ ರೀಸ್ಟಾರ್ಟ್ ಮಾಡಿಸಿ ಮತ್ತೆ ನೋಡಿದರೆ ಬೇರೆಯೇ ಸಂಖ್ಯೆ. ಆಗ ಹೊಳೆಯಿತು. 1099 ಬರೀ ರಿಜಿಸ್ಟ್ರಿಯ ಪೋರ್ಟ್. ಅಲ್ಲಿ ಕೇಳಿದರೆ ಅದು ಒಂದು ಸ್ಟಬ್, ಅಂದರೆ ದೂರದ ಸರ್ವಿಸ್ ಪರವಾಗಿ ಇಲ್ಲಿ ನಿಲ್ಲುವ ಆಬ್ಜೆಕ್ಟ್, ಕೊಡುತ್ತದೆ. ನಿಜವಾದ ಸರ್ವಿಸ್ ಯಾವ ಹೋಸ್ಟ್, ಯಾವ ಪೋರ್ಟ್‌ನಲ್ಲಿ ಕೂತಿದೆ ಅನ್ನುವುದು ಆ ಸ್ಟಬ್‌ನ ಒಳಗಿರುತ್ತದೆ. ಸರ್ವಿಸ್ ಪೋರ್ಟ್ ಇಂಥದ್ದೇ ಅಂತ ನಾವು ಹೇಳದಿದ್ದರೆ ಎಕ್ಸ್‌ಪೋರ್ಟರ್ ಅದನ್ನು ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ. ಸೊನ್ನೆ ಅಂದರೆ, ಖಾಲಿ ಇರುವ ಯಾವುದಾದರೂ ಪೋರ್ಟ್ ಕೊಡು ಅಂತ ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿದ ಹಾಗೆ. ಆಫೀಸಿನಲ್ಲಿ ನಡುವೆ ಫೈರ್‌ವಾಲ್ ಇರಲಿಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಬೀನ್‌ಗಳನ್ನು ಬರೆದಿಡುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಒಂದೇ ಸಾಲು ಸೇರಿಸಿದೆ: ಸರ್ವಿಸ್ ಪೋರ್ಟ್ 1199. ಮೇಲೆ ‘ಈ ಸಾಲನ್ನು ತೆಗೆಯಬೇಡಿ’ ಅಂತ ಕಾಮೆಂಟ್ ಬರೆದೆ. ಆ ಪೋರ್ಟನ್ನೂ ತೆರೆಸುವಷ್ಟರಲ್ಲಿ ಸಂಜೆ ಆರಾಗಿತ್ತು. ಮೊದಲ ಸಾಲದ ಬಡ್ಡಿ ಪರದೆಗೆ ಬಂದಾಗ ಪಕ್ಕದಲ್ಲಿದ್ದ ಶಾಖೆಯ ಮೇಡಂ ಕ್ಯಾಲ್ಕುಲೇಟರ್ ತೆಗೆದು ಪೈಸೆಯವರೆಗೂ ತಾಳೆ ನೋಡಿ, “ಸರಿ ಇದೆ ಕಣಪ್ಪ, ಈಗ ಹೋಗಿ ಊಟ ಮಾಡು” ಅಂದರು.

ಸ್ಪ್ರಿಂಗ್ 5.3 ಬಂದಾಗ ಆರ್‌ಎಂಐ, ಅದೇ ಕೆಲಸವನ್ನು ಎಚ್‌ಟಿಟಿಪಿ ಮೇಲೆ ಮಾಡುವ ಎಚ್‌ಟಿಟಿಪಿ ಇನ್‌ವೋಕರ್ ಎರಡನ್ನೂ ಹಳತು ಅಂತ ಗುರುತು ಹಾಕಿದರು. 2022ರ ನವೆಂಬರ್‌ನಲ್ಲಿ ಬಂದ 6ರಲ್ಲಿ ತೆಗೆದೇ ಹಾಕಿದರು. ಎರಡೂ ಜಾವಾ ಆಬ್ಜೆಕ್ಟನ್ನೇ ಕಟ್ಟಿ ಕಳಿಸುತ್ತವೆ. ಹೊರಗಿನಿಂದ ಬಂದ ಆಬ್ಜೆಕ್ಟನ್ನು ನಂಬಿ ಬಿಚ್ಚುವುದು ಅಪಾಯ, ಆ ತೀರ್ಮಾನ ಸರಿ ಅಂತಲೇ ನನಗನ್ನಿಸುತ್ತದೆ. ಆ ಕೋಡನ್ನು ರೆಸ್ಟ್‌ಗೆ, ಅಂದರೆ ಎಚ್‌ಟಿಟಿಪಿ ವಿಳಾಸಗಳ ಮೂಲಕ ಕೇಳುವ ರೀತಿಗೆ, ಬದಲಾಯಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಫೈಲ್ ತೆರೆದರೆ ಕಾಮೆಂಟ್ ಹಾಗೇ ಇತ್ತು, ಅದರ ಕೆಳಗೆ 1199 ಕೂಡ. ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ನಾನೇ ಅಳಿಸಿದೆ.