ಪಾಸ್ ಆಗಿದ್ದೇ ಸುಳ್ಳು

ಮೊನ್ನೆ, ಬಾಕ್ಸಿಂದ ಎಷ್ಟು ರೇಡಿಯೋ ಗಲೀಜು ಹೊರಬೀಳತ್ತೆ ಅಂತ ಅಳೆಯೋ ಟೆಸ್ಟ್ ಚೇಂಬರ್‌ನಲ್ಲಿ ಹೊಸ ಹುಡುಗ ಒಬ್ಬ ಉಳಿದ ಕೇಬಲ್‌ನ ನೀಟಾಗಿ ಮಡಚಿ ಬಾಕ್ಸ್ ಹಿಂದೆ ಟೇಬಲ್ ಮೇಲೇ ಇಡ್ತಾ ಇದ್ದ, ನೋಡಿ ಮೈಯೆಲ್ಲ ಉರೀತು. ಅವನ ಮೇಲಲ್ಲ. ನಾನೂ ಹಾಗೇ ಇಟ್ಟಿದ್ದೆ.

ನಮ್ಮ ಕಂಟ್ರೋಲರ್ ಬಾಕ್ಸ್‌ನ ಪ್ರೀ-ಸ್ಕ್ಯಾನ್ ಅವತ್ತು, ಅಂದ್ರೆ ಫೈನಲ್ ಟೆಸ್ಟಿಗೆ ಮುಂಚಿನ ಟ್ರಯಲ್. 125 ಮೆಗಾಹರ್ಟ್ಸ್‌ನಲ್ಲಿ ಒಂದು ಪೀಕ್ ಇತ್ತು, ಆದ್ರೆ 34 ಡಿಬಿ (ಮೈಕ್ರೋವೋಲ್ಟ್/ಮೀಟರ್ ಲೆಕ್ಕದಲ್ಲಿ) ಅಷ್ಟೆ. ಬಾಕ್ಸಿಂದ ಆಂಟೆನಾಗೆ ಇರೋ 3 ಮೀಟರ್‌ಗೆ ಕ್ಲಾಸ್ ಬಿ (ಮನೆಗಳಲ್ಲಿ ಬಳಸೋ ಸಾಮಾನಿನ) ಲಿಮಿಟ್ 40, ಆರು ಡಿಬಿ ಮಾರ್ಜಿನ್ ಇದೆ ಅಂತ ಮ್ಯಾನೇಜರ್‌ಗೆ ಜಂಬದಿಂದ ಮೇಲ್ ಹಾಕ್ದೆ.

ಫೈನಲ್ ದಿನ ಅದೇ ಬೋರ್ಡು, ಅದೇ ಫರ್ಮ್‌ವೇರು. ಟರ್ನ್‌ಟೇಬಲ್ ತಿರುಗ್ತಾ ಇದೆ, ಕಂಬದ ಮೇಲೆ ಆಂಟೆನಾ 1ರಿಂದ 4 ಮೀಟರ್ ಹತ್ತಿ ಇಳೀತಾ ಇದೆ, ಹಾರಿಜಾಂಟಲ್ ಆರಾಮಾಗಿ ಹೋಯ್ತು, ಆಂಟೆನಾ ವರ್ಟಿಕಲ್‌ಗೆ ಹಾಕಿದ್ದೇ ತಡ 46! ಲಿಮಿಟ್ ಜೊತೆ ಹೋಲಿಸೋ ಕ್ವಾಸಿ-ಪೀಕ್ (ಕ್ಯೂಪಿ) ರೀಡಿಂಗ್ ತಗೊಂಡ್ರೂ ಅಷ್ಟೇ.

125 ಅಂದ್ರೆ 25 ಮೆಗಾಹರ್ಟ್ಸ್‌ನ ಐದನೇ ಹಾರ್ಮೋನಿಕ್ (ಐದು ಪಟ್ಟು), ಈಥರ್ನೆಟ್ ಕ್ಲಾಕು, ಕಳ್ಳ ಸಿಕ್ದ ಅನ್ಕೊಂಡೆ. ಬಾಕ್ಸ್ ಬಿಚ್ಚಿ ಕಾಪರ್ ಟೇಪ್ ಅಂಟಿಸ್ದೆ, ಕ್ಲಾಕ್ ಲೈನ್‌ನ 22 ಓಮ್ಸ್ ರೆಸಿಸ್ಟರ್ ಕಿತ್ತು 47 ಹಾಕ್ದೆ, ಮತ್ತೆ ಬಾಗಿಲು ಮುಚ್ಚು, ಮತ್ತೆ ರನ್ ಮಾಡು, ಎರಡು ಡಿಬಿ ಇಳೀತು ಅಷ್ಟೆ. ಮೂರು ಗಂಟೆ ಹೀಗೇ. ಚೇಂಬರ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು, ಅತ್ಲಾಗಿಂದ ಮ್ಯಾನೇಜರ್ ಅರ್ಧ ಗಂಟೆಗೊಂದ್ಸಲ "ಆಯ್ತಾ?".

ಲ್ಯಾಬ್‌ನ ಟೆಕ್ನಿಷಿಯನ್ ಸುಮ್ನೆ ನೋಡ್ತಾ ಇದ್ದವರು ಎದ್ದು ಒಳಗೆ ಹೋಗಿ ಸೆನ್ಸರ್ ಕೇಬಲ್ ಕಿತ್ರು. ಪೀಕ್ ಮಾಯ. ಮೂರು ಗಂಟೆಯಲ್ಲಿ ನಾನು ಮಾಡದೇ ಇದ್ದ ಕೆಲಸ ಅದೊಂದೇ.

"ಪ್ರೀ-ಸ್ಕ್ಯಾನ್ ಫೋಟೋ ಕೊಡಿ" ಅಂದ್ರು. ಅದ್ರಲ್ಲಿ ಕೇಬಲ್ ಬಾಕ್ಸ್ ಹಿಂದೆ ಗಂಟು ಕಟ್ಕೊಂಡು ಮಲಗಿದೆ, ಇವತ್ತು 80 ಸೆಂ.ಮೀ. ಎತ್ತರದ ಟೇಬಲ್ ಅಂಚಿಂದ ಕೆಳಗೆ ನೇತಾಡ್ತಾ ಇದೆ. ನಾನು ತಕ್ಷಣ "ಹಾಗಾದ್ರೆ ಫೋಟೋದಲ್ಲಿ ಇದ್ದಂಗೇ ಇಟ್ಬಿಡಿ ಸಾರ್" ಅಂದೆ, ಈಗ್ಲೂ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ. ಅವರು ನಕ್ಕು, "ಈ ಟೆಸ್ಟಿನ ಸ್ಟ್ಯಾಂಡರ್ಡ್ ಸಿಸ್ಪರ್ 32 ನೇತಾಕು ಅನ್ನತ್ತೆ, ನೆಲಕ್ಕೆ 40 ಸೆಂ.ಮೀ.ಗಿಂತ ಹತ್ರ ಬಂದ ಭಾಗ ಮಾತ್ರ ಮಡಚಿ ಕಟ್ಟಬೇಕು. ತಪ್ಪಾಗಿದ್ದು ಅವತ್ತಿನ ಸೆಟಪ್ಪು, ಇವತ್ತಿಂದಲ್ಲ" ಅಂದ್ರು. ಒಂದು ಮೀಟರ್ ಕೇಬಲ್ ಮೇಲೆ 50 ಮೆಗಾಹರ್ಟ್ಸ್‌ನಲ್ಲಿ ಸುಮಾರು 5 ಮೈಕ್ರೋಆಂಪ್ ಕಾಮನ್ ಮೋಡ್ ಕರೆಂಟ್ (ಕೇಬಲ್ ಒಳಗಿನ ಎಲ್ಲ ತಂತೀಲೂ ಒಂದೇ ದಿಕ್ಕಿಗೆ ಹೋಗೋದು) ಹರಿದ್ರೆ ಸಾಕು 3 ಮೀಟರ್‌ನಲ್ಲಿ ಲಿಮಿಟ್ ಮುಟ್ಟತ್ತೆ, ಫ್ರೀಕ್ವೆನ್ಸಿ ಮೇಲಕ್ಕೆ ಹೋದಷ್ಟೂ ಇನ್ನೂ ಕಮ್ಮಿ ಸಾಕು. ಮಡಚಿಟ್ಟಾಗ ಆಂಟೆನಾ ಆಗದೇ ಇದ್ದದ್ದು ನೇತಾಡಿದಾಗ ಚೆನ್ನಾಗೇ ಆಂಟೆನಾ ಆಗಿತ್ತು.

ಆಮೇಲೆ ಕೇಬಲ್ ಶೀಲ್ಡ್ (ತಂತಿಗಳ ಸುತ್ತ ಇರೋ ಲೋಹದ ಹೊದಿಕೆ) ನೋಡಿದ್ವಿ. ಶೀಲ್ಡ್ ತುದೀಲಿ ಬಾಲದ ಥರ ಐದು ಸೆಂ.ಮೀ. ತಂತಿ, ಅಂದ್ರೆ ಪಿಗ್‌ಟೇಲ್, ಅದೂ ನೇರ ಬೋರ್ಡ್ ಗ್ರೌಂಡ್‌ಗೆ, ಬೋರ್ಡ್ ಗಲೀಜೆಲ್ಲ ಶೀಲ್ಡ್ ಹಿಡ್ಕೊಂಡು ಹೊರಗೆ ನಡೀತಾ ಇತ್ತು. ಶೀಲ್ಡ್ ಸುತ್ತಲೂ ಹಿಡಿಯೋ ಮೆಟಲ್ ಶೆಲ್ ಕನೆಕ್ಟರ್ ಬೇಕು ಅಂತ ನಾವು ಕೇಳಿದ್ವಿ, ಕಾಸ್ಟ್ ಕಟಿಂಗ್‌ನಲ್ಲಿ ಹಾರಿಸಿದ್ರು. ಅವತ್ತಿನ ಮಟ್ಟಿಗೆ ಕೇಬಲ್ ಸಿಪ್ಪೆ ಸುಲಿದು, ಶೀಲ್ಡ್‌ಗೆ ಸುತ್ತಲೂ ಪಿ-ಕ್ಲಾಂಪ್ (ಲೋಹದ ಪಟ್ಟಿ) ಹಾಕಿ ಬಾಕ್ಸಿನ ಲೋಹದ ಮೈಗೆ (ಚಾಸಿ) ಬಿಗಿದ್ವಿ. ಕೇಬಲ್‌ನ ಆ ಕಡೆ ಈ ಕಡೆ ಸರಿಸಿ ಕೆಟ್ಟದ್ದು ಎಲ್ಲಿ ಬರತ್ತೆ ಅಂತ ಬೇಕಂತಲೇ ಹುಡುಕಿದ್ವಿ, 36 ದಾಟ್ಲಿಲ್ಲ.

ಮಾರನೇ ದಿನ ಮ್ಯಾನೇಜರ್ ಮೇಲ್, "ಒಂದು ಕ್ಲಾಂಪ್‌ಗೆ ಇಡೀ ದಿನ ಬೇಕಿತ್ತಾ?" ಅಂತ. ಮೆಟಲ್ ಶೆಲ್ ಕನೆಕ್ಟರ್‌ನ ರಿಕ್ವೆಸ್ಟ್ ಮತ್ತೆ ಹಾಕಿದೀನಿ, ಅಪ್ರೂವಲ್ ಇನ್ನೂ ಬಂದಿಲ್ಲ.